ನಿಕಾಹದ ದಿನ ಭಾಬಿಯ ಟಿವಿ

ಬೈಗುಳಕ್ಕೆ ಹೆದರಿ ಸರಿಹೋದ ಟಿವಿ ಈ ಭೂಮಿಯ ಮೇಲೆ ಒಂದೂ ಇಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಆ ಭಾನುವಾರ ನಾನು ನೆರೆಮನೆಯ ಟಿವಿಗೆ ಬೈದದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದ್ದರೆ, ಬಾಯಾರು ನಮ್ಮನ್ನು ಎಷ್ಟು ಮುದ್ದು ಮಾಡುತ್ತಿದ್ದರು ಅಂದುಕೊಳ್ಳುತ್ತಿದ್ದರು. ನಾನು ಮಹಾರಾಷ್ಟ್ರಕ್ಕೆ ಸೇರಿದ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ಮೊದಲು ದರಿಬಡಚಿ, ಕೊನೆಗೆ ಉಮದಿ. ಈ ಕಡೆ ಶಿಕ್ಷಕಿಯನ್ನು ಬಾಯಾರು ಅನ್ನುತ್ತಾರೆ. ಊರಿಗೆಲ್ಲ ನಾನು ಈಗಲೂ ಬಾಯಾರೇ. ಸಿಟ್ಟು ನನ್ನ ಮೂಗಿನ ತುದಿಯಲ್ಲಿರುತ್ತದೆ ಎಂದು ನನ್ನ ಯಜಮಾನರು ಹೇಳುತ್ತಾರೆ. ಅವರು ಹಾಗೆ ಹೇಳಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ನೆರೆಮನೆಯಾಕೆಯನ್ನು ನಾನು ಭಾಬಿ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ. ನಮ್ಮದು ಲಿಂಗ ಕಟ್ಟಿದವರ ಮನೆ, ಅವರದು ಮುಸಲ್ಮಾನರ ಮನೆ, ನಡುವೆ ಸೊಂಟದೆತ್ತರದ ಒಂದು ಗೋಡೆ. ಆ ಗೋಡೆಯ ಮೇಲೆ ಒಂದು ಬಟ್ಟಲು ಸದಾ ಇರುತ್ತದೆ. ಅದು ಯಾರ ಮನೆಯದು ಎಂಬುದನ್ನು ನಾವಿಬ್ಬರೂ ಮರೆತು ಎಷ್ಟೋ ವರ್ಷವಾಯಿತು. ಭಾಬಿಯ ಗಂಡ ಗಾದಿ ಹೊಲಿಯುವವರು. ನಮ್ಮ ಮನೆಯ ಗಾದಿ, ದಿಂಬು ಎಲ್ಲ ಅವರ ಕೈಯವೇ. ಮಾತು ಕಡಿಮೆ, ಚಹಾ ಜಾಸ್ತಿ. ಒಂದು ಮುಂಜಾನೆ ನಮಾಜು ಮುಗಿಸಿ ಬಂದು ಚಹಾ ಕುಡಿಯಲು ಕೂತವರು ಮತ್ತೆ ಏಳಲೇ ಇಲ್ಲ.

ಗಂಡ ತೀರಿದ ಮೇಲೆ ಅವರಲ್ಲಿ ಹೆಂಡತಿ ಇದ್ದತ್ ಕೂಡುತ್ತಾಳೆ. ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ. ಭಾಬಿ ಹಾಗೆ ಕೂತು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಒಬ್ಬಳೇ ಮಗಳ ನಿಕಾಹದ ದಿನ ಬಂತು. ನಿಕಾಹ ವಿಜಯಪುರದಲ್ಲಿ, ಭಾಬಿಯ ತಮ್ಮನ ಮನೆಯಲ್ಲಿ. ತಾರೀಖು ಗೊತ್ತು ಮಾಡಿದ್ದವರು ತೀರಿಕೊಂಡ ಅಪ್ಪನೇ. ಮುಂದಕ್ಕೆ ಹಾಕೋಣವೇ ಎಂದು ಹಿರಿಯರು ಕೇಳಿದಾಗ ಬೇಡವೆಂದದ್ದು ಸ್ವತಃ ಭಾಬಿ. "ಅವರು ಇಟ್ಟ ತಾರೀಖ್ರಿ ಅಕ್ಕಾ. ಅದರಾಗ ನಾ ಕೈ ಹಾಕಂಗಿಲ್ಲ" ಎಂದು ನನಗೂ ಹೇಳಿದ್ದರು.

ಹೀಗಾಗಿ ಇಡೀ ಓಣಿ ಬಸ್ಸು ಹತ್ತಿ ಮದುವೆಗೆ ಹೋಯಿತು, ಹೆತ್ತ ತಾಯಿ ಮನೆಯಲ್ಲಿ ಉಳಿದಳು. ಜತೆಗೆ ನಾನು ಉಳಿದೆ. ಉಳಿಯಿರಿ ಎಂದು ಕೇಳಿದ್ದು ಮದುಮಗಳೇ. ಒಂದನೆಯ ಇಯತ್ತೆಯಲ್ಲಿ ನನ್ನ ಹತ್ತಿರ ಅಕ್ಷರ ಕಲಿತವಳು, ಮಾಮಾನ ಮನೆಗೆ ಹೊರಟ ದಿನ ಗೋಡೆಯ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. "ಬಾಯಾರ, ನೀವು ಮದವಿಗೆ ಬರ್ಲಿಲ್ಲಂದ್ರ ನಾ ಸಿಟ್ಟಾಗಂಗಿಲ್ರಿ. ಅಮ್ಮೀ ಜೋಡಿ ಇರ್ರಿ. ಹ್ಯಾಂಗರ ಮಾಡಿ ಆಕಿಗೆ ನಿಕಾಹ ತೋರಸ್ರಿ" ಅಂದಳು. ಹೂಂ ಅಂದುಬಿಟ್ಟೆ.

ತೋರಿಸುವುದೇನು ದೊಡ್ಡ ಮಾತು, ಫೋನಿದೆಯಲ್ಲ ಎಂದು ನನಗೂ ಅನ್ನಿಸಿತ್ತು. ಆದರೆ ಭಾಬಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇದ್ದತ್ ಮುಗಿದ ಮೇಲೆ ಆಪರೇಷನ್ ಮಾಡಿಸಿದರಾಯಿತು ಎಂದು ಮುಂದೆ ಹಾಕಿದ್ದರು. ಅರಿಸಿನದ ದಿನ ವಿಜಯಪುರದಿಂದ ವಿಡಿಯೋ ಕಾಲ್ ಬಂದಾಗ ಭಾಬಿ ನನ್ನ ಫೋನನ್ನು ಮೂಗಿಗೆ ತಾಗಿಸಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ನೋಡಿದರು. ಮಗಳು ಆ ಕಡೆಯಿಂದ ಅಮ್ಮೀ ಅಮ್ಮೀ ಎಂದು ಕೈಬೀಸುತ್ತಿದ್ದಳು. "ಹಳದಿ ಕಾಣ್ತೈತ್ರಿ ಅಕ್ಕಾ. ಮುಖಾ ಕಾಣವಲ್ದು" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಒಲೆಯ ಹತ್ತಿರ ಹೋಗಿ ಕೂತುಬಿಟ್ಟರು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ.

ಅದನ್ನು ಕೇಳಿದ ಭಾಬಿಯ ತಮ್ಮ ಮರುದಿನವೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಸಣ್ಣ ಪುಡಿಕೆ ಕಳಿಸಿದ. ಒಳಗೆ ಬೆರಳುದ್ದದ ಒಂದು ಕರಿ ಡಬ್ಬಿ, ಅದಕ್ಕೆ ಬಾಲದಂತೆ ಒಂದು ವಾಯರ್. ಡಬ್ಬಿಯನ್ನು ಟಿವಿಯ ಹಿಂದೆ ಸಿಕ್ಕಿಸಬೇಕು, ವಾಯರಿನಿಂದ ಅದಕ್ಕೆ ಕರೆಂಟು ಕೊಡಬೇಕು. ಆಗ ಫೋನಿನಲ್ಲಿ ಬರುವುದೆಲ್ಲ ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದ. ನಿಕಾಹ ಮಧ್ಯಾಹ್ನದ ನಮಾಜಿನ ಬಳಿಕ. ನಾನು ಬೆಳಿಗ್ಗೆ ಒಂಬತ್ತಕ್ಕೇ ಸೆರಗು ಸಿಕ್ಕಿಸಿಕೊಂಡು ಭಾಬಿಯ ಮನೆಗೆ ಹೋದೆ. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಬ್ಯಾಟರಿ, ಬಲ್ಬು, ತಂತಿ ಜೋಡಿಸಿ ತೋರಿಸಿದವಳು, ಇದೇನು ಮಹಾ ಎಂಬ ಸೊಕ್ಕು ಬೇರೆ.

ಮನೆಯೆಂದರೆ ಒಂದೇ ದೊಡ್ಡ ಕೋಣೆ, ಅದರ ಮೂಲೆಯಲ್ಲೇ ಅಡಿಗೆ. ಎದುರುಗೋಡೆಗೆ ಹಾಕಿದ ಹಲಗೆಯ ಮೇಲೆ ಟಿವಿ. ಸಾವಾದ ದಿನ ಅದಕ್ಕೆ ಗಾದಿಯ ಹೊಸ ಖೋಳೊಂದನ್ನು ಹೊದಿಸಿದ್ದರು. ಆ ಖೋಳ ಅವತ್ತಿನಿಂದ ಹಾಗೇ ಇತ್ತು. ನಾನು ತೆಗೆಯಲು ಹೋದರೆ ಭಾಬಿ ನನ್ನ ಮೊಣಕೈ ಹಿಡಿದರು.

"ಅಕ್ಕಾ, ಇದ್ದತ್‌ನ್ಯಾಗ ಟಿವಿ ಹಚ್ಯಾಳ ಅಂತ ಮಂದಿ ಅಂದ್ರ?"

"ಯಾವ ಮಂದಿ? ಓಣ್ಯಾಗ ನಾಯಿ ಒಂದ ಉಳದೈತಿ. ಅದು ಅಂದ್ರ ನಾ ಜವಾಬು ಕೊಡ್ತೀನಿ."

"ಅವರು ಹೋದ ಮನಿಯಾಗ..."

"ಭಾಬಿ, ನಾಟಕ ನೋಡಾಕ ಹಚ್ಚಾಕತ್ತಿಲ್ಲ. ಮಗಳನ್ನ ನೋಡಾಕ ಹಚ್ಚಾಕತ್ತೀವಿ. ಸುಮ್ನ ಕುಂದ್ರಿ."

ಭಾಬಿ ಕೈ ಬಿಟ್ಟರು. ಖೋಳವನ್ನು ಮಾತ್ರ ನನಗೆ ಕೊಡಲಿಲ್ಲ. ತಾವೇ ತೆಗೆದು ನಾಲ್ಕು ಮಡಿಕೆ ಮಾಡಿ ಗಂಡನ ಟ್ರಂಕಿನ ಮೇಲೆ ಇಟ್ಟರು.

ಟಿವಿಯ ಹಿಂದೆ ನೋಡಿದರೆ ದೇವರೇ ಗತಿ. ಧೂಳು, ಜೇಡರಬಲೆ, ಅರಳೆಯ ಎಳೆ. ಹಳದಿ, ಬಿಳಿ, ಕೆಂಪು ವಾಯರುಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಕನ್ನಡಕ ಏರಿಸಿ ತೂತು ಹುಡುಕಿ ಡಬ್ಬಿಯನ್ನು ಸಿಕ್ಕಿಸಿದೆ. ಹೋಗಲಿಲ್ಲ. ಜೋರಾಗಿ ಒತ್ತಿದೆ. ಆಗಲೂ ಹೋಗಲಿಲ್ಲ. ಬೈದು ಒತ್ತಿದೆ. ಆಮೇಲೆ ತಿಳಿಯಿತು, ತಲೆಕೆಳಗಾಗಿ ಹಿಡಿದಿದ್ದೆ. ಹೊರಳಿಸಿ ಹಿಡಿದರೆ ಬೆಣ್ಣೆಯೊಳಗೆ ಬೆರಳು ಹೋದ ಹಾಗೆ ಹೋಯಿತು. ಡಬ್ಬಿಯ ಬಾಲವನ್ನು ಟಿವಿಯಲ್ಲೇ ಇದ್ದ ಇನ್ನೊಂದು ತೂತಿಗೆ ಕೊಟ್ಟು ಬಟನ್ ಒತ್ತಿದೆ. ಟಿವಿ ಹತ್ತಿತು, ಭಾಬಿಯ ಮುಖವೂ ಅರಳಿತು. ಆದರೆ ಬಂದದ್ದು ಬರೀ ನೀಲಿ. ನೀಲಿಯ ನಡುವೆ ನೋ ಸಿಗ್ನಲ್ ಎಂದು ಇಂಗ್ಲಿಷಿನಲ್ಲಿ ಎರಡು ಶಬ್ದ.

ಹತ್ತೂವರೆಯ ತನಕ ಆ ಎರಡು ಶಬ್ದದ ಜತೆ ಗುದ್ದಾಡಿದೆ. ಹಳದಿ ವಾಯರ್ ಕಿತ್ತು ಹಾಕಿದೆ, ಕೆಂಪು ವಾಯರ್ ಕಿತ್ತು ಹಾಕಿದೆ, ಡಬ್ಬಿಯನ್ನು ಊದಿ ಒರೆಸಿ ಹಾಕಿದೆ. ಮಗಳ ಮಾಮಾನಿಗೆ ಫೋನು ಮಾಡಿದರೆ ಅವನು ಅಡಿಗೆಯವರ ನಡುವೆ ನಿಂತು, ಸೋರ್ಸ್ ಬದಲಿ ಮಾಡ್ರಿ ಬಾಯಾರ, ಎಂದು ಕೂಗಿ ಇಟ್ಟುಬಿಟ್ಟ. ಸೋರ್ಸ್ ಎಂದರೆ ಏನು, ಅದನ್ನು ಎಲ್ಲಿ ಬದಲಿ ಮಾಡಬೇಕು? ರಿಮೋಟನ್ನು ಗಾದಿಯ ಮೇಲೆ ಎಸೆದೆ. ಭಾಬಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟರು. "ಬಿಡ್ರಿ ಅಕ್ಕಾ, ನನ್ನ ನಸೀಬದಾಗ ಇಲ್ಲ ಅಂದ್ರ ಇಲ್ಲ" ಅಂದರು. ಆ ಮಾತು ಕೇಳಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ಟಿವಿ ಮಿಸ್ತ್ರಿಗೆ ಫೋನು ಹಚ್ಚಿದೆ.

ಮಿಸ್ತ್ರಿ ಅರವತ್ತರ ಸಮೀಪದ ಮನುಷ್ಯ. ರೇಡಿಯೋ ಕಾಲದಿಂದ ದುಕಾನು ಇಟ್ಟವರು, ಭಾಬಿಯ ಗಂಡನಿಗೆ ಜೀವದ ಗೆಳೆಯ. ಹತ್ತೇ ನಿಮಿಷದಲ್ಲಿ ಸೈಕಲ್ ತುಳಿದುಕೊಂಡು ಬಂದರು. ಬಂದವರು ಅಂಗಳದಲ್ಲೇ ನಿಂತರು. ಒಳಗೆ ಬನ್ನಿ ಎಂದರೆ ತಲೆ ಅಲ್ಲಾಡಿಸಿದರು. "ಭಾಬಿಯಾರು ಇದ್ದತ್ ಕುಂತಾರ್ರಿ ಬಾಯಾರ. ನಾ ಒಳಗ ಬರಂಗಿಲ್ಲ."

"ಭಾಬಿ ಮಾರಿ ಮುಚ್ಚಿಕೊಂಡು ಮೂಲ್ಯಾಗ ಕುಂದರ್ತಾರ, ಬರ್ರಿ."

"ಊಂ ಹೂಂ. ಅವರು ಇದ್ದಾಗ ಕೇಳಲಾರದ ಒಳಗ ಬರ್ತಿದ್ದೆ. ಈಗ ಕೇಳೂ ಮನಶಾನ ಇಲ್ಲ. ಬರಂಗಿಲ್ಲ ಅಂದ್ರ ಬರಂಗಿಲ್ರಿ."

ಭಾಬಿಯನ್ನು ಹತ್ತು ನಿಮಿಷ ಬೇರೆ ಎಲ್ಲಾದರೂ ಕೂಡಿಸೋಣವೆಂದರೆ ಎಲ್ಲಿ ಕೂಡಿಸುವುದು? ಇರುವುದೊಂದೇ ಕೋಣೆ. ಬಚ್ಚಲಕ್ಕೆ ಅಂಗಳ ದಾಟಿ ಹೋಗಬೇಕು, ಅಂಗಳದಲ್ಲಿ ಇವರು ನಿಂತಿದ್ದಾರೆ. ಕೊನೆಗೆ ನಾನೇ ಬಾಗಿಲಿಗೆ ಒಂದು ಚಾದರ ಕಟ್ಟಿದೆ. ಒಳಗೆ ನಾನು, ಭಾಬಿ, ಟಿವಿ. ಹೊರಗೆ ಟಿವಿಯನ್ನು ಕಾಣದೆ ಅದನ್ನು ಸರಿಮಾಡಬೇಕಾದ ಮಿಸ್ತ್ರಿ. ಮೂಗು ಮುಚ್ಚಿಕೊಂಡು ಅಡಿಗೆಯ ರುಚಿ ಹೇಳಿದ ಹಾಗಾಯಿತು ಇದು ಅಂದೆ. ಅವರು ನಗಲಿಲ್ಲ.

"ಏನ ಕಾಣ್ತೈತ್ರಿ ಈಗ?"

"ನೀಲಿ."

"ನೀಲಿ ಅಂದ್ರ ಬರೇ ನೀಲಿನೋ, ಅಕ್ಷರಾ ಅದಾವೋ?"

"ನೋ ಸಿಗ್ನಲ್ ಅಂತ ಬರದೈತಿ. ನನ್ನ ಹಣ್ಯಾಗೂ ಅದನ್ನ ಬರದಾನ ನೋಡ್ರಿ."

"ಚಲೋ ಆತು. ಟಿವಿ ಕೆಟ್ಟಿಲ್ಲ. ಆ ಡಬ್ಬಿ ಕಡೆ ಅದು ನೋಡಾಕತ್ತಿಲ್ಲ, ಬ್ಯಾರೆ ತೂತಿನ ಕಡೆ ನೋಡಾಕತ್ತೈತಿ. ರಿಮೋಟಿನ ಮ್ಯಾಲ ಬಲಕ್ಕ ಒಂದು ಸಣ್ಣ ಬಟನ್ ಐತ್ರಿ, ಚೌಕ, ಒಳಗ ಬಾಣದ ಗುರ್ತು. ಅದೇ ಸೋರ್ಸ್. ಒಮ್ಮೆ ಒತ್ರಿ."

ಒತ್ತಿದೆ. ನೀಲಿ ನೀಲಿಯಾಗಿಯೇ ಇತ್ತು. ಮತ್ತೊಮ್ಮೆ ಒತ್ತಿದೆ. ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದೆ.

"ಆಗವಲ್ದು."

"ಆಗಬೇಕಲ್ರಿ. ನೀವು ಒತ್ತೂದು ಸರಿ ಇಲ್ಲ."

"ಒತ್ತೂದಕ್ಕೂ ಸಾಲಿ ಕಲೀಬೇಕೇನ್ರಿ? ಸಾವಿರ ಹುಡುಗುರ ಕಿವಿ ಹಿಂಡಿದ ಕೈ ಇದು!"

"ಅಲ್ರಿ, ನಡಕ ಒತ್ರಿ. ಉಗರಲೆ ಒತ್ರಿ. ಸೆಲ್ ನೋಡ್ರಿ."

ಸೆಲ್ ಸರಿಯಿತ್ತು. ದನಿ ಹೆಚ್ಚು ಕಡಿಮೆಯಾಗುತ್ತಿತ್ತು, ನಂಬರ್ ಬದಲಾಗುತ್ತಿತ್ತು, ಈ ಒಂದು ಬಟನ್ ಮಾತ್ರ ಸತ್ತು ಮಲಗಿತ್ತು. ಭಾಬಿ ಗೋಡೆಯ ಗಡಿಯಾರವನ್ನು ನೋಡುತ್ತಿದ್ದರು. ಅವರಿಗೆ ಮುಳ್ಳು ಕಾಣುವುದಿಲ್ಲವೆಂದು ನನಗೆ ಗೊತ್ತು. "ಹನ್ನೊಂದೂವರಿ ಆತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಹನ್ನೆರಡಾಗುತ್ತ ಬಂದಿತ್ತು. ನಾನು ಹನ್ನೊಂದೂಕಾಲು ಎಂದು ಸುಳ್ಳು ಹೇಳಿದೆ.

ಆಮೇಲೆ ನನಗೆ ಏನಾಯಿತೋ. ಎಲ್ಲ ವಾಯರು ಕಿತ್ತೆ, ಟಿವಿಯನ್ನು ಹಲಗೆಯಿಂದ ಇಳಿಸಿದೆ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ಚಾದರವನ್ನು ತಲೆಯಿಂದ ತಳ್ಳಿ ಹೊರಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಗಾದಿ ಹಾಸಿ ಟಿವಿಯನ್ನು ನಿಲ್ಲಿಸಿದೆ. "ನೀವು ಒಳಗ ಬರಂಗಿಲ್ಲ, ಅವರು ಹೊರಗ ಬರಂಗಿಲ್ಲ. ಟಿವಿಗೆ ಇದ್ದತ್ ಇಲ್ಲ, ಅದ ಬಂದೈತಿ. ಈಗ ನೋಡ್ರಿ!" ಅಂದೆ. ಚಾದರದ ಒಳಗಿನಿಂದ ಭಾಬಿ ನಕ್ಕ ಸದ್ದು ಕೇಳಿಸಿತು. ಎರಡು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು.

ಮಿಸ್ತ್ರಿ ನಮ್ಮ ಮನೆಯಿಂದ ಉದ್ದದ ವಾಯರ್ ಎಳೆದು ಕರೆಂಟು ತಂದರು. ತಮ್ಮ ಚೀಲದಿಂದ ಫೋನಿನ ಚಾರ್ಜರ್ ತೆಗೆದು ಡಬ್ಬಿಯ ಬಾಲವನ್ನು ಅದಕ್ಕೆ ಕೊಟ್ಟರು. ರಿಮೋಟಿನ ಬಟನ್ ತಾವೂ ಒತ್ತಿ ನೋಡಿದರು. ಆಗಲಿಲ್ಲ. ನನಗೆ ಒಳಗೊಳಗೇ ಬಹಳ ಸಮಾಧಾನವಾಯಿತು. ಅವರು ಮೂಗು ಉಜ್ಜಿಕೊಂಡು, ರಿಮೋಟಿನ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಎರಡು ಹೋಳು ಮಾಡಿದರು. ಒಳಗಿನ ರಬ್ಬರ್ ಹಾಳೆ ಎತ್ತಿದಾಗ ಆ ಬಟನ್ನಿನ ಕೆಳಗೆ ಉಗುರಿನಷ್ಟಗಲದ ಒಂದು ಕಾಗದದ ತುಂಡು ಅಂಟಿಕೊಂಡಿತ್ತು, ಬೀಡಿ ಕಟ್ಟಿನ ಕಾಗದ.

ಮಿಸ್ತ್ರಿ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಹಳ ಹೊತ್ತು ನೋಡಿದರು. "ಇದನ್ನ ನಾನ ಹಾಕಿದ್ದು" ಅಂದರು.

ವಿಷಯ ಏನೆಂದರೆ, ಮಗಳು ಸಣ್ಣವಳಿದ್ದಾಗ ರಿಮೋಟಿನ ಜತೆ ಆಟವಾಡಿ ಆಗಾಗ ಆ ಬಟನ್ ಒತ್ತಿಬಿಡುತ್ತಿದ್ದಳಂತೆ. ಟಿವಿ ನೀಲಿಯಾಗುತ್ತಿತ್ತು. ಅಪ್ಪ ದುಕಾನಿಗೆ ಓಡುತ್ತಿದ್ದರು. ಮಿಸ್ತ್ರಿ ಬಂದು ಒಮ್ಮೆ ಬಟನ್ ಒತ್ತಿ, ಚಹಾ ಕುಡಿದು ಹೋಗುತ್ತಿದ್ದರು. ವಾರಕ್ಕೆರಡು ಸಲ ಇದೇ ಆಗತೊಡಗಿದಾಗ ಗೆಳೆಯನೇ, ಯಾರು ಒತ್ತಿದರೂ ಆಗದ ಹಾಗೆ ಮಾಡಿಬಿಡು ಮಾರಾಯ, ಅಂದರಂತೆ. ಇವರು ಬಟನ್ನಿನ ಕೆಳಗೆ ಕಾಗದ ಇಟ್ಟು ಮುಚ್ಚಿದರು. ಟಿವಿ ಮತ್ತೆ ನೀಲಿಯಾಗಲಿಲ್ಲ. ಇವತ್ತು ಮಿಸ್ತ್ರಿಗೆ ಆ ಕಾಗದದ ನೆನಪೇ ಆಗಿರಲಿಲ್ಲ.

"ಹೊಸಾ ಟಿವಿ ತಂದಾಗೂ ರಿಮೋಟ್ ಕೊಟ್ಟು ಮದಲ ಕಾಗದಾ ಹಾಕ ಅಂದಾವ ಅಂವ" ಎಂದು ಮಿಸ್ತ್ರಿ ನಕ್ಕರು. ನಗುತ್ತಲೇ ಅವರ ದನಿ ಒಡೆಯಿತು. "ಆಮ್ಯಾಲ ಚಹಾಕ್ಕ ಕರ್ಯಾಕ ಅಂವಗ ನೆವನ ಇರಲಿಲ್ಲ ನೋಡ್ರಿ. ಸುಮ್ಮ ಸುಮ್ಮನ ದುಕಾನಕ್ಕ ಬಂದು ಕುಂದ್ರತಿದ್ದ." ಕಾಗದವನ್ನು ಬಿಸಾಡಲು ಕೈ ಎತ್ತಿದವರು ಬಿಸಾಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡರು. ಅವಸರ ಮಾಡ್ರಿ, ಹೊತ್ತಾತು, ಎಂದು ಗದರಿಸಿದೆ.

ಬಟನ್ ಒತ್ತಿದ್ದೇ ತಡ, ನೀಲಿ ಹೋಗಿ ಡಬ್ಬಿಯ ಚಿತ್ರ ಬಂತು. ಮಿಸ್ತ್ರಿ ನನ್ನ ಫೋನು ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿ ಡಬ್ಬಿಗೆ ಸೇರಿಸಿದರು. ನನ್ನ ಫೋನಿನ ಮುಖಪುಟ, ಅಂದರೆ ಗುಡ್ಡಾಪುರದಲ್ಲಿ ನಾವಿಬ್ಬರು ಗಂಡ ಹೆಂಡತಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಫೋಟೋ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೊಡ್ಡದಾಗಿ ಮೂಡಿತು. ನನ್ನ ಯಜಮಾನರ ಮೋರೆ ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ.

ಟಿವಿಯನ್ನು ಮತ್ತೆ ಅವುಚಿಕೊಂಡು ಒಳಗೆ ತಂದು ಹಲಗೆಯ ಮೇಲೆ ಇಟ್ಟೆ. ಎಲ್ಲ ಮೊದಲಿನ ಹಾಗೆ ಜೋಡಿಸಿ ಹಚ್ಚಿದರೆ ಮತ್ತೆ ನೀಲಿ! ಆಗಲೇ ಮಸೀದಿಯಲ್ಲಿ ಮಧ್ಯಾಹ್ನದ ಆಜಾನ್ ಆಗುತ್ತಿತ್ತು. ವಿಜಯಪುರದಲ್ಲೂ ಆಗುತ್ತಿರಬೇಕು. ಭಾಬಿ ಮುಸುಕು ಎಳೆದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು. ಹೊರಗೆ ಬಂದದ್ದು ಒಳಗೆ ಯಾಕೆ ಬರುವುದಿಲ್ಲ? ಅದೇ ಟಿವಿ, ಅದೇ ಡಬ್ಬಿ, ಅದೇ ನಾನು.

"ಮಿಸ್ತ್ರಿ, ಹೊರಗ ಇದ್ದದ್ದು ಒಳಗ ಏನ ಇಲ್ಲ?" ಎಂದು ಚಾದರದ ಕಡೆಗೆ ಒದರಿದೆ.

"ನಾ ಇಲ್ರಿ" ಎಂದಿತು ಚಾದರ.

"ನೀವಲ್ಲ! ಸಾಮಾನು!"

ಕೇಳುವಾಗಲೇ ನನಗೆ ಹೊಳೆಯಿತು. ಚಾರ್ಜರ್. ಅಂಗಳದಲ್ಲಿ ಡಬ್ಬಿಗೆ ಕರೆಂಟು ಹೋದದ್ದು ಚಾರ್ಜರಿನಿಂದ. ಒಳಗೆ ನಾನು ಬಾಲವನ್ನು ಮತ್ತೆ ಟಿವಿಯ ತೂತಿಗೇ ಕೊಟ್ಟಿದ್ದೆ. ಆ ತೂತಿನಿಂದ ಬರುವ ಕರೆಂಟು ಡಬ್ಬಿಯ ಹೊಟ್ಟೆಗೆ ಸಾಲುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಯ ಪಾಠ, ಬ್ಯಾಟರಿ ಸಣ್ಣದಾದರೆ ಬಲ್ಬು ಹತ್ತುವುದಿಲ್ಲ. ಚಾದರದ ಕೆಳಗಿನಿಂದ ಒಂದು ಕೈ ಚಾರ್ಜರನ್ನು ಒಳಗೆ ಸರಿಸಿತು. ಗೋಡೆಯ ಬೋರ್ಡಿಗೆ ಸಿಕ್ಕಿಸಿದೆ. ಗುಡ್ಡಾಪುರದ ಬಿಸಿಲು ಭಾಬಿಯ ಮನೆಯ ಗೋಡೆಯ ಮೇಲೆ ಬಂತು.

"ಬಂತು!" ಎಂದು ಕೂಗಿದೆ.

"ಹಾಂಗಾರ ನಾ ಬರ್ತೀನ್ರಿ" ಎಂದರು ಮಿಸ್ತ್ರಿ. ಭಾಬಿ ಒಳಗಿನಿಂದ, ಚಹಾ ಕುಡಿದು ಹೋಗ್ರಿ ಅಂತ ಹೇಳ್ರಿ ಅಕ್ಕಾ, ಅಂದರು. ಅದನ್ನು ನಾನು ಹೇಳುವ ಮೊದಲೇ ಅವರಿಗೆ ಕೇಳಿಸಿತ್ತು. ಆದರೂ ಸೈಕಲ್ ಹತ್ತಿ ಹೋದರು.

ಫೋನನ್ನು ಟಿವಿಯ ಮುಂದೆ ಒಂದು ಸ್ಟೂಲಿನ ಮೇಲೆ ತಂಬಿಗೆಗೆ ಒರಗಿಸಿ ಇಟ್ಟೆ, ನಾವು ಅವರಿಗೆ ಕಾಣಲಿ ಎಂದು. ವಿಡಿಯೋ ಕಾಲ್ ಬಂತು. ಚಿತ್ರ ಟಿವಿಯಲ್ಲಿ, ದನಿ ಮಾತ್ರ ಫೋನಿನಲ್ಲೇ ಉಳಿಯಿತು. ಅದನ್ನು ಸರಿಮಾಡುವ ಗೊಡವೆಗೆ ನಾನು ಹೋಗಲಿಲ್ಲ. ಮದುಮಗಳನ್ನು ಹೆಂಗಸರ ಕೋಣೆಯಲ್ಲಿ ಕೂಡಿಸಿದ್ದರು. ಟಿವಿಯ ಅಂಚಿನಿಂದ ಅಂಚಿಗೆ ಅವಳ ಮುಖವೇ. ಭಾಬಿ ಮೊಣಕಾಲ ಮೇಲೆ ತೆವಳಿ ಟಿವಿಗೆ ಮೊಳದಷ್ಟು ಹತ್ತಿರ ಹೋಗಿ ಕೂತರು.

"ಎಡಗಲ್ಲದ ಮ್ಯಾಲ ಮಚ್ಚಿ ಕಾಣ್ತೈತ್ರಿ ಅಕ್ಕಾ" ಅಂದರು. ಆಮೇಲೆ, "ಮುಖಾ ಇಳದೈತಿ. ಊಟಾ ಮಾಡಿಲ್ಲ ಇದು" ಅಂದರು. ಮಗಳು ಅದನ್ನು ಕೇಳಿ ನಕ್ಕಳು, ತಾಯಿ ಅತ್ತರು, ನಾನು ಇಬ್ಬರಿಗೂ ಬೈದೆ.

ಅಷ್ಟರಲ್ಲಿ ಆ ಕಡೆ ಗದ್ದಲವಾಯಿತು. ಕಾಜಿಯವರು ಬಂದರು, ಜತೆಗೆ ಇಬ್ಬರು ಸಾಕ್ಷಿಗಳು, ಮಗಳ ಒಪ್ಪಿಗೆ ಕೇಳಿ ಸಹಿ ಮಾಡಿಸಿಕೊಳ್ಳಲು. ಗಂಡಸರ ಗಡ್ಡ, ಟೋಪಿ ಟಿವಿಯಲ್ಲಿ ಕಂಡದ್ದೇ ಭಾಬಿ ಚೇಳು ಕಡಿದವರಂತೆ ಹಿಂದೆ ಸರಿದರು. "ಅವರಿಗೆ ನಾ ಕಾಣ್ತೀನೇನ್ರಿ?" ಕಾಣುತ್ತಾರೆ, ಫೋನು ಭಾಬಿಯನ್ನೇ ನೋಡುತ್ತಿತ್ತು. ಹೌದು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಸೇರಿ, ನನ್ನ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು, ಹಣೆಯನ್ನು ನನ್ನ ಬೆನ್ನಿಗೆ ಒತ್ತಿ ಕೂತರು. ಫೋನು ಮುಚ್ಚಿಬಿಡಲೇ ಎಂದು ಪಿಸುಗುಟ್ಟಿದೆ. "ಬ್ಯಾಡ್ರಿ. ಆಕಿಗೆ ಕತ್ತಲಿ ಕಾಣ್ತೈತಿ" ಅಂದರು.

ಕಾಜಿಯವರು ಓದತೊಡಗಿದರು. ಮದುಮಗಳ ಹೆಸರು ಹೇಳಿದರು. ಆಮೇಲೆ ಅವಳ ಅಪ್ಪನ ಹೆಸರು, ಅದರ ಹಿಂದೆ ಮರಹೂಮ್ ಎಂಬ ಮಾತು. ನಮ್ಮಲ್ಲಿ ಕೈಲಾಸವಾಸಿ ಅನ್ನುತ್ತೇವಲ್ಲ, ಹಾಗೆ. ತಾರೀಖು ಗೊತ್ತು ಮಾಡಿದ ದಿನ ಅಪ್ಪನೇ ಬರೆಸಿದ ಹೆಸರು, ಈಗ ಹೀಗೆ ಕೇಳಿಸಿತು. ನನ್ನ ಬೆನ್ನ ಮೇಲಿನ ಹಣೆ ಒಮ್ಮೆ ನಡುಗಿತು. ಟಿವಿಯಲ್ಲಿ ಮಗಳ ಮುಖ ಬಿಳಿಚಿತು. ಕಬೂಲ್ ಇದೆಯಾ ಎಂದು ಕಾಜಿಯವರು ಕೇಳಿದರು. ಅವಳು ಬಾಯಿ ತೆರೆಯಲಿಲ್ಲ.

ಎರಡನೆಯ ಸಲ ಕೇಳಿದರು. ಪಕ್ಕದ ಹೆಂಗಸರು ಹೇಳು ಬೇಟಿ, ಹೇಳು ಅಂದರು. ಅವಳು ನಮ್ಮ ಕಡೆ ನೋಡಿದಳು. ಅವಳಿಗೆ ಅಲ್ಲಿ ಕಂಡದ್ದು ಬೆವರಿಳಿಯುವ ಮುದಿ ಬಾಯಾರು ಒಬ್ಬರೇ. "ಅಮ್ಮೀ" ಎಂದಳು. ಅಷ್ಟೇ.

"ಇಲ್ಲೇ ಅದಾರವ್ವಾ, ನನ್ನ ಬೆನ್ನಿಗೇ ಅದಾರ" ಅಂದೆ. ಕೇಳಿಸಿತೋ ಇಲ್ಲವೋ. ಅವಳ ಕಣ್ಣು ನನ್ನನ್ನು ದಾಟಿ ಹುಡುಕುತ್ತಿತ್ತು. ಕೋಣೆಯ ತುಂಬ ಜ‍ನ, ಮೂರು ಗಂಡಸರು ಕಾಯುತ್ತಿದ್ದಾರೆ, ಹುಡುಗಿ ಬಾಯಿ ಬಿಡುತ್ತಿಲ್ಲ.

ಆಗ ನನ್ನ ಕಂಕುಳ ಕೆಳಗಿನಿಂದ ಒಂದು ಕೈ ಮುಂದೆ ಬಂತು. ಬಳೆಯಿಲ್ಲದ ಕೈ, ಗಂಡನ ಜತೆ ಗಾದಿಯ ಸೂಜಿ ಹಿಡಿದು ಹೆಬ್ಬೆರಳು ಗಟ್ಟಿಯಾದ ಕೈ. ಫೋನು ಎಲ್ಲಿದೆಯೆಂದು ತಿಳಿಯದೆ ಒಮ್ಮೆ ಎಡಕ್ಕೆ ತಡಕಾಡಿತು. ನಾನು ಮಣಿಕಟ್ಟು ಹಿಡಿದು ನೇರ ಮಾಡಿದೆ. ಕೈ ಅಂಗೈ ಬಿಚ್ಚಿ, ಎದುರಿಗೆ ಮಗಳ ತಲೆ ಇದೆಯೇನೋ ಎಂಬಂತೆ ಮೆಲ್ಲಗೆ ಸವರಿತು.

ಮಗಳು ತಲೆ ಬಗ್ಗಿಸಿದಳು. "ಕಬೂಲ್" ಎಂದಳು. ಕಾಜಿಯವರು ಮತ್ತೆರಡು ಸಲ ಕೇಳಿದರು. ಮತ್ತೆರಡು ಸಲ ಗಟ್ಟಿಯಾಗಿ ಹೇಳಿದಳು. ಪೆನ್ನು ತೆಗೆದುಕೊಂಡು, ನಾನು ಕಲಿಸಿದ ಅಕ್ಷರದಲ್ಲೇ, ಕನ್ನಡದಲ್ಲಿ ಸಹಿ ಮಾಡಿದಳು.

ಗಂಡಸರು ಹೊರಟುಹೋದರೂ ಆ ಕೈ ಹಾಗೇ ಚಾಚಿಕೊಂಡಿತ್ತು. ನಾನೇ ಕೆಳಗಿಳಿಸಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ರವಿಕೆ ಬೆನ್ನಿನ ಕಡೆ ಪೂರಾ ಒದ್ದೆಯಾಗಿತ್ತು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಒಮ್ಮೆಲೇ ನೆನಪಾಗಿ ನನಗೆ ತಡೆಯಲಾಗಲಿಲ್ಲ. ಹಿಂದಕ್ಕೆ ತಿರುಗಿ ಭಾಬಿಯ ತಲೆಯಿಂದ ನನ್ನ ಸೆರಗು ಎಳೆದುಕೊಂಡೆ.

"ಭಾಬಿ, ಇಷ್ಟೆಲ್ಲಾ ಮಾಡಿದ್ದು ಯಾಕ? ಮಗಳು ಕಬೂಲ್ ಅಂದದ್ದು ನೀವ ನೋಡಲಿಲ್ಲಲ್ರೀ!"

ಭಾಬಿ ಕಣ್ಣು ಒರೆಸಿಕೊಂಡರು.

"ನೋಡಿಲ್ರಿ ಅಕ್ಕಾ" ಅಂದರು. "ಆಕಿಗೆ ನಾ ಕಂಡ್ನೆಲ್ರಿ."